ನೂರ ನಾಲ್ಕು ಡಿಗ್ರಿ ಜ್ವರದ ಪ್ರಶ್ನೆ

ಆ ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರ ಇಪ್ಪತ್ತೈದಕ್ಕೆ ನೂರ ಇಪ್ಪತ್ತನಾಲ್ಕು ಅಂಕ ತೆಗೆದಳು. ಹುಣಸೂರಿನ ಕೇಬಲ್ ಚಾನೆಲ್ಲಿನ ವರದಿಗಾರರೊಬ್ಬರು ಕ್ಯಾಮೆರಾದವನನ್ನು ಕರೆದುಕೊಂಡು ಶಾಲೆಗೆ ಬಂದರು. ಆಕೆಗೆ ಕನ್ನಡ ಕಲಿಸಿದವಳು ನಾನು. ಅವರು ಬರುವ ಸುದ್ದಿ ಮೊದಲೇ ತಿಳಿದಿದ್ದರಿಂದ ಒಳ್ಳೆಯ ಸೀರೆಯನ್ನೇ ಉಟ್ಟು ಹೋಗಿ ಹುಡುಗಿಯ ಪಕ್ಕದಲ್ಲಿ ನಿಂತಿದ್ದೆ.

"ಪಠ್ಯಪುಸ್ತಕ ಬಿಟ್ಟು ಇನ್ಯಾವ ಪುಸ್ತಕ ಓದಿದ್ದೀಯಮ್ಮ?" ಎಂದು ವರದಿಗಾರರು ಕೇಳಿದರು.

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ, "ಗೈಡ್ ಓದೀನಿ ಸಾರ್" ಎಂದಳು.

ಸುತ್ತ ನಿಂತವರೆಲ್ಲ ನಕ್ಕರು. ಹೆಡ್ಮಾಸ್ಟರೂ ನಕ್ಕರು. "ಅದನ್ನ ತೆಗೆದು ಹಾಕ್ತೀವಿ ಬಿಡಿ ಮೇಡಂ" ಎಂದು ವರದಿಗಾರರು ನನಗೆ ಸಮಾಧಾನ ಹೇಳಿದರು. ನನಗೆ ನಗು ಬರಲಿಲ್ಲ. ಹುಡುಗಿಯದು ಏನೂ ತಪ್ಪಿರಲಿಲ್ಲ. ಹದಿನೆಂಟು ವರ್ಷಗಳಿಂದ ನಾನು ಪ್ರಶ್ನೋತ್ತರ ಬರೆಸುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ಯಾವ ಮಗುವಿನ ಕೈಗೂ ಒಂದು ಕತೆ ಪುಸ್ತಕ ಕೊಟ್ಟು "ಸುಮ್ಮನೆ ಓದು" ಎಂದು ಹೇಳಿದ ನೆನಪು ನನಗಿರಲಿಲ್ಲ. ಅಂದು ಸಂಜೆ ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಇದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ನಮ್ಮದು ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತಲೂ ಹೊಗೆಸೊಪ್ಪಿನ ಹೊಲಗಳು. ಸೊಪ್ಪು ಒಣಗಿಸುವ ಎತ್ತರದ ಮಣ್ಣಿನ ಕಟ್ಟಡಗಳಿಗೆ ಇಲ್ಲಿ ಬ್ಯಾರನ್ ಅನ್ನುತ್ತಾರೆ. ತರಗತಿಯ ಯಾವ ಕಿಟಕಿಯಿಂದ ನೋಡಿದರೂ ಒಂದೆರಡಾದರೂ ಕಾಣುತ್ತವೆ. ಶಾಲೆಯಲ್ಲಿ ಪುಸ್ತಕಗಳಿಗೆ ಬರ ಇರಲಿಲ್ಲ. ಹೆಡ್ಮಾಸ್ಟರ ಕೋಣೆಯಲ್ಲಿ ಎರಡು ಕಬ್ಬಿಣದ ಬೀರುಗಳ ತುಂಬ ಇದ್ದವು, ಬೀಗ ಹಾಕಿಕೊಂಡು. ಇಲಾಖೆ ಕಳಿಸಿದವು, ಊರಿನ ಹಳೆಯ ವಿದ್ಯಾರ್ಥಿಗಳು ಕೊಟ್ಟವು, ಯಾವುದೋ ಕಾಲದಲ್ಲಿ ಬಹುಮಾನಕ್ಕೆಂದು ತರಿಸಿ ಹಂಚದೆ ಉಳಿದವು.

ಬೀರು ತೆಗೆಯಬೇಕು ಎಂದು ಕೇಳಿದಾಗ ಹೆಡ್ಮಾಸ್ಟರು ಕನ್ನಡಕ ಕಳಚಿ ಮೇಜಿನ ಮೇಲಿಟ್ಟರು. ಒಳ್ಳೆಯ ಮನುಷ್ಯ, ಆದರೆ ತಪಾಸಣೆ ಎಂದರೆ ಹೆದರಿ ಸಾಯುವವರು.

"ಹರಿದೋದ್ರೆ ಯಾರು ಜವಾಬ್ದಾರಿ, ಮೇಡಂ?"

"ಹರಿದರೆ ನಾನೇ ಅಂಟಿಸ್ತೀನಿ ಸಾರ್."

"ಕಳೆದೋದ್ರೆ?"

"ಕಳೆದುಹೋದ ಪುಸ್ತಕ ಯಾರದೋ ಮನೇಲಿ ಇರುತ್ತೆ. ಬೀರುವಿನಲ್ಲಿ ಇರೋದಕ್ಕಿಂತ ಅದೇ ವಾಸಿ ಅಲ್ಲವೇ?"

ಅವರು ಕೀಲಿಕೈ ಗೊಂಚಲನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. "ಬರೆದುಕೊಡಿ ಆಯ್ತಾ" ಎಂದು ಮಾತ್ರ ಹೇಳಿದರು.

ನನ್ನ ಯೋಜನೆ ಸರಳವಾಗಿತ್ತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಇಡೀ ಶಾಲೆ ಓದಬೇಕು. ಮಕ್ಕಳು, ಮೇಷ್ಟ್ರುಗಳು, ಹೆಡ್ಮಾಸ್ಟರು, ಎಲ್ಲರೂ. ಓದಿದ ಕತೆಯನ್ನು ಹಿಡಿದು ವಿಜ್ಞಾನದವರು ವಿಜ್ಞಾನ, ಸಮಾಜದವರು ಸಮಾಜ, ಗಣಿತದವರು ಗಣಿತ ಹೇಳಿಕೊಡಬೇಕು. ಸ್ಟಾಫ್ ರೂಮಿನಲ್ಲಿ ಇದನ್ನು ವಿವರಿಸಿದಾಗ ಎಲ್ಲರೂ ಚಹಾ ಲೋಟದೊಳಗೆ ನೋಡತೊಡಗಿದರು. ಮಾತಾಡಿದವರು ಗಣಿತದ ಮೇಷ್ಟ್ರು ಒಬ್ಬರೇ. ನಿವೃತ್ತಿಗೆ ಎರಡು ವರ್ಷವಿದ್ದ ಹಿರಿಯರು. ಬೋರ್ಡಿನ ಮೇಲೆ ಕೈಯಲ್ಲೇ ವೃತ್ತ ಬರೆದರೆ ಕೈವಾರದಲ್ಲಿ ಬರೆದಂತಿರುತ್ತಿತ್ತು. ಮಕ್ಕಳಿಗೆ ಅವರೆಂದರೆ ಗೌರವ, ಗೌರವಕ್ಕಿಂತ ಹೆಚ್ಚಾಗಿ ಹೆದರಿಕೆ.

"ನೋಡಿ ಮೇಡಂ," ಎಂದರು, "ಕತೇಲಿ ರಾಜ ಸತ್ತರೂ ಬದುಕಿದರೂ ತ್ರಿಭುಜದ ಮೂರು ಕೋನ ಸೇರಿ ನೂರ ಎಂಬತ್ತೇ. ಅರ್ಧ ಗಂಟೆ ನಿಮಗೆ ಕೊಟ್ರೆ ನನ್ನ ಸಿಲಬಸ್ ಮುಗಿಸೋರು ಯಾರು?"

ಹೆಡ್ಮಾಸ್ಟರು ನಡುವೆ ಬಂದು, ಮೂರು ತಿಂಗಳು ಮಾಡಿ ನೋಡೋಣ, ಆಗದಿದ್ದರೆ ನಿಲ್ಲಿಸಿಬಿಡೋಣ ಎಂದು ತೀರ್ಮಾನಿಸಿದರು.

ಮೊದಲ ತಿಂಗಳು ಸೋತೆ. ಅದಕ್ಕೆ ಕಾರಣಳೂ ನಾನೇ. ಮಕ್ಕಳು ನಿಜವಾಗಿ ಓದುತ್ತಾರೋ ಇಲ್ಲವೋ ಎಂಬ ಅನುಮಾನದಿಂದ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಮಾಡಿಸಿದ್ದೆ: ಪುಸ್ತಕದ ಹೆಸರು, ಬರೆದವರು, ಪಾತ್ರಗಳು, ಸಾರಾಂಶ, ನೀತಿ. ಎರಡನೇ ವಾರಕ್ಕೆ ಒಂದೇ ಸಾರಾಂಶ ಮೂವತ್ತು ನೋಟ್‌ಬುಕ್ಕುಗಳಲ್ಲಿ ಕಾಣಿಸಿತು, ಒಂದೇ ಕಾಗುಣಿತದ ತಪ್ಪಿನ ಸಮೇತ. ಹುಡುಗರು ಅತ್ಯಂತ ತೆಳ್ಳಗಿನ ಪುಸ್ತಕಕ್ಕಾಗಿ ಜಗಳವಾಡುತ್ತಿದ್ದರು.

ಒಂಬತ್ತನೇ ತರಗತಿಯಲ್ಲಿ ಮಧ್ಯದ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳಿದ್ದಳು. ಓದಿನಲ್ಲಿ ಮುಂದೂ ಅಲ್ಲ, ಹಿಂದೂ ಅಲ್ಲ. ಅವಳ ಅಪ್ಪನಿಗೆ ಒಂದು ಬ್ಯಾರನ್ ಇತ್ತು. ಅವಳು ಒಂದು ದಿನ ನೋಟ್‌ಬುಕ್ ಕೊಡಲು ಬಂದವಳು ಹೋಗದೆ ನಿಂತಳು.

"ಏನಮ್ಮಾ?"

"ಬಯ್ಯಲ್ಲ ಅಂದ್ರೆ ಯೋಳ್ತೀನಿ ಮಿಸ್."

"ಬಯ್ಯಲ್ಲ, ಹೇಳು."

"ಓದಿದ್ ಮ್ಯಾಲೆ ಬರೀಬೇಕಲ್ಲಾ ಅಂತ ಓದಾಕೇ ಬ್ಯಾಡ ಅನ್ನುಸ್ತದೆ ಮಿಸ್. ಕತೆ ಚೆನ್ನಾಗೇ ಇರ್ತದೆ. ನೀತಿ ಏನು ಅಂತ ಹುಡ್ಕೋದ್ರಲ್ಲಿ ಕತೇನೇ ಮರ್ತೋಯ್ತದೆ."

ಬಯ್ಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಬಯ್ಯುವಂಥದ್ದು ಅವಳು ಏನೂ ಹೇಳಿರಲೂ ಇಲ್ಲ. ಮರುದಿನ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳ ಮುಂದೆ, ಇನ್ನು ಮೇಲೆ ಸಾರಾಂಶ ಬೇಡ, ನೀತಿಯೂ ಬೇಡ ಎಂದೆ. ಮಕ್ಕಳು ಹೋ ಎಂದು ಕೂಗಿದರು. ಅದರ ಬದಲು ಒಂದೇ ಒಂದು ಕೆಲಸ: ಓದುವಾಗ ಏನಾದರೂ ಪ್ರಶ್ನೆ ಹುಟ್ಟಿದರೆ ಅದನ್ನು ಒಂದು ಚೀಟಿಯಲ್ಲಿ ಬರೆದು ಜಗುಲಿಯಲ್ಲಿರುವ ಬೋರ್ಡಿಗೆ ಅಂಟಿಸಬೇಕು. ಯಾವ ಪಾಠದ ಮೇಷ್ಟ್ರನ್ನಾದರೂ ಕೇಳಬಹುದು. ಹುಟ್ಟದಿದ್ದರೆ ಬರೆಯಬೇಕಾಗಿಲ್ಲ.

ಹತ್ತು ದಿನ ಬೋರ್ಡು ಖಾಲಿಯಿತ್ತು. ಆಮೇಲೆ ಒಂದೊಂದೇ ಬಂದವು. ಕತೆಯಲ್ಲಿ ಕಾಗದ ಮುಟ್ಟಲು ಹದಿನೈದು ದಿನ ಯಾಕೆ ಬೇಕಾಯಿತು? ಹಡಗು ಕಬ್ಬಿಣದ್ದಾದರೆ ಮುಳುಗುವುದಿಲ್ಲವೇಕೆ? ಆ ಕಾಲದಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ ಎಂದಮೇಲೆ ಈ ಕತೆಯ ನಾಯಕಿ ಕಾಗದ ಓದಿದ್ದು ಹೇಗೆ? ಸಮಾಜ ವಿಜ್ಞಾನದ ಮೇಡಂ ಈ ಕೊನೆಯ ಪ್ರಶ್ನೆ ಹಿಡಿದು ಒಂದು ಪಿರಿಯಡ್ ಪೂರ್ತಿ ಪಾಠ ಮಾಡಿ ಬಂದು, ಮುಖ ಅರಳಿಸಿಕೊಂಡು ನನ್ನ ಪಕ್ಕ ಕೂತರು. ಗಣಿತದ ಮೇಷ್ಟ್ರಿಗೆ ಮಾತ್ರ ಒಂದು ಚೀಟಿಯೂ ಬರಲಿಲ್ಲ. ಅವರೂ ಅದನ್ನು ಬಯಸಿದಂತೆ ಕಾಣಲಿಲ್ಲ. ಓದಿನ ಅರ್ಧ ಗಂಟೆಯಲ್ಲಿ ಗಣಿತದ ಪುಸ್ತಕವನ್ನೇ ತೆರೆದು ಕೂರುತ್ತಿದ್ದರು.

ಮಧ್ಯದ ಬೆಂಚಿನ ಆ ಹುಡುಗಿ ಒಂದು ಸೋಮವಾರ ಚೀಟಿ ಅಂಟಿಸಿದಳು. ಅವಳು ಓದುತ್ತಿದ್ದದ್ದು ಕಾಯಿಲೆ ಬಿದ್ದ ತಮ್ಮನನ್ನು ಅಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಒಂದು ಸಣ್ಣ ಕತೆ. ಚೀಟಿಯಲ್ಲಿ ಹೀಗಿತ್ತು: "ತಮ್ಮನಿಗೆ ನೂರ ನಾಲ್ಕು ಡಿಗ್ರಿ ಜ್ವರ ಬಂತು. ವಿಜ್ಞಾನದಲ್ಲಿ ನೀರು ನೂರು ಡಿಗ್ರಿಗೆ ಕುದಿಯುತ್ತೆ ಅಂತ ಇದೆ. ನಮ್ಮ ಮೈಯಲ್ಲೂ ನೀರೇ ಜಾಸ್ತಿ ಅಂತಾನೂ ಇದೆ. ಹಾಗಾದ್ರೆ ತಮ್ಮ ಯಾಕೆ ಕುದಿಯಲಿಲ್ಲ?"

ಓದಿದವರೆಲ್ಲ ನಕ್ಕರು. ಹುಡುಗಿಗೆ ಅವಮಾನವಾಗಿ ಚೀಟಿ ಕೀಳಲು ಹೋದಳು. ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಗಣಿತದ ಮೇಷ್ಟ್ರು ಅದನ್ನು ಓದಿ, "ಮುಟ್ಟಬೇಡ ಅದನ್ನ" ಎಂದರು. ಅವರ ದನಿಗೆ ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ಅವರು ಚೀಟಿಯನ್ನು ತಾವೇ ಬಿಡಿಸಿಕೊಂಡು, ಅದನ್ನು ಹಿಡಿದುಕೊಂಡೇ ಒಂಬತ್ತನೇ ತರಗತಿಗೆ ಹೋದರು. ನನಗೆ ಆ ಪಿರಿಯಡ್ ಬಿಡುವಿತ್ತು. ಏನಾದರೂ ಅಂದುಬಿಟ್ಟರೆ ಎಂಬ ಹೆದರಿಕೆಯಲ್ಲಿ ನಾನೂ ಹಿಂದೆ ಹೋಗಿ ಬಾಗಿಲ ಹತ್ತಿರ ನಿಂತೆ.

ಮೇಷ್ಟ್ರು ಚೀಟಿಯನ್ನು ಜೋರಾಗಿ ಓದಿದರು. ಮತ್ತೆ ನಗು.

"ನಗೋರು ಎದ್ದು ಉತ್ತರ ಹೇಳಿ" ಎಂದರು. ಯಾರೂ ಏಳಲಿಲ್ಲ. ಅವರು ಹುಡುಗಿಯ ಕಡೆ ತಿರುಗಿದರು. "ನೀನು ಹೇಳು. ನೂರು ಡಿಗ್ರಿ ಅನ್ನೋದನ್ನ ಮನೇಲಿ ಎಲ್ಲಾದ್ರೂ ನೋಡಿದ್ದೀಯಾ?"

"ಬ್ಯಾರನ್‌ನಾಗೆ ನೋಡಿವ್ನಿ ಸಾರ್. ಅಪ್ಪ ಥರ್ಮಾಮೀಟರ್ ನೋಡ್ಕೊಂಡ್ ಬಾ ಅಂತ ಕಳುಸ್ತದೆ. ಮೊದ್ಲು ತೊಂಬತ್ತೈದು ಇರ್ತದೆ, ಸೊಪ್ಪು ಅಳ್ದಿ ಆಗೋಗಂಟ. ಕೊನೆಗೆ ನೂರ ಅರವತ್ ಮುಟ್ತದೆ." ಹೇಳುತ್ತ ಹೇಳುತ್ತ ಅವಳೇ ನಿಂತಳು. "ಸಾರ್, ನೂರ ಅರವತ್ತಾದ್ರೂವೆ ಅಲ್ಲಿಟ್ಟ ನೀರು ಕುದಿಯಾಕಿಲ್ವಲ್ಲಾ?"

"ಯಾಕೆ?"

"ಬ್ಯಾರನ್ ಡಿಗ್ರಿ ಬ್ಯಾರೆ, ಬುಕ್ಕಿನ ಡಿಗ್ರಿ ಬ್ಯಾರೆ ಇರ್ಬೇಕು."

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಎಂಬ ಎರಡು ಪದ ಬರೆದು, ಕೆಳಗೆ ಸಮೀಕರಣ ಬರೆದರು. ಅದು ಅವರ ಪುಸ್ತಕದಲ್ಲೇ ಇದ್ದ ಲೆಕ್ಕ. ವರ್ಷ ವರ್ಷವೂ ಮಾಡಿಸುತ್ತಿದ್ದ ಲೆಕ್ಕ. ಆದರೆ ಆ ದಿನ ಮಕ್ಕಳು ಬೆಂಚಿನಿಂದ ಅರ್ಧ ಎದ್ದು ನೋಡುತ್ತಿದ್ದರು. ನೂರ ನಾಲ್ಕರಲ್ಲಿ ಮೂವತ್ತೆರಡು ಕಳೆದರು, ಐದರಿಂದ ಗುಣಿಸಿದರು, ಒಂಬತ್ತರಿಂದ ಭಾಗಿಸಿದರು. ನಲವತ್ತು ಬಂತು.

"ನಲವತ್ತೇಯಾ!" ಎಂದು ಯಾರೋ ಕೂಗಿದರು.

ಆಮೇಲೆ ಬ್ಯಾರನ್ನಿನ ಸರದಿ. ತೊಂಬತ್ತೈದಕ್ಕೆ ಸರಿಯಾಗಿ ಮೂವತ್ತೈದು ಬಂತು. ನೂರ ಅರವತ್ತಕ್ಕೆ ಎಪ್ಪತ್ತೊಂದು ಚಿಲ್ಲರೆ. ಮಕ್ಕಳು ತಮ್ಮ ತಮ್ಮ ಮನೆಯ ಬ್ಯಾರನ್ನುಗಳ ಶಾಖವನ್ನು ಕೂಗಿ ಹೇಳುತ್ತಿದ್ದರು, ಮೇಷ್ಟ್ರು ಒಂದೊಂದಕ್ಕೂ ಗ್ರಾಫಿನ ಮೇಲೆ ಚುಕ್ಕೆ ಇಡಿಸುತ್ತಿದ್ದರು. ಚುಕ್ಕೆಗಳೆಲ್ಲ ಒಂದು ನೇರ ಗೆರೆಯಾಗಿ ನಿಂತವು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರು ಸೀಮೆಸುಣ್ಣ ಇಟ್ಟು ಹೊರಡುವಾಗ ಅದೇ ಹುಡುಗಿ ಇನ್ನೊಂದು ಕೇಳಿದಳು.

"ಎರಡೂ ಡಿಗ್ರಿ ಒಂದೇ ಆಗೋ ಜಾಗ ಐತಾ ಸಾರ್?"

"ಇದೆ. ಹುಡುಕಿಕೊಂಡು ಬಾ ನಾಳೆ."

ಮಾರನೆಯ ದಿನ ಅವಳು ಗೆರೆಯನ್ನು ಗ್ರಾಫ್ ಹಾಳೆಯ ಕೆಳಕ್ಕೆ, ಅದು ಸಾಲದೆ ಇನ್ನೊಂದು ಹಾಳೆ ಅಂಟಿಸಿ ಅದರ ಕೆಳಕ್ಕೂ ಎಳೆದುಕೊಂಡು ಬಂದಿದ್ದಳು. ಸೊನ್ನೆಗಿಂತ ನಲವತ್ತು ಕೆಳಗೆ ಎರಡೂ ಒಂದಾಗಿದ್ದವು.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಣಿತದ ಮೇಷ್ಟ್ರು ನನ್ನ ಮೇಜಿನ ಮುಂದೆ ಬಂದು ನಿಂತರು. ಈ ಶಾಲೆಗೆ ನಾನು ಬಂದಾಗಿನಿಂದ ಅವರು ನನ್ನಿಂದ ಯಾವ ಸಹಾಯವನ್ನೂ ಕೇಳಿದವರಲ್ಲ.

"ಮೇಡಂ, ಸೊನ್ನೆಗಿಂತ ನಲವತ್ತು ಕೆಳಗಿರೋ ಊರಿನ ಕತೆ ಏನಾದ್ರೂ ಇದೆಯಾ ನಿಮ್ಮ ಹತ್ರ? ಮಕ್ಕಳು ಕೇಳ್ತಾವೆ, ಅಂಥ ಕಡೆ ಜನ ಹೆಂಗಿರ್ತಾರೆ ಅಂತ. ನನಗೆ ಗೊತ್ತಿಲ್ಲ."

ಎರಡು ಬೀರುಗಳನ್ನೂ ಜಾಲಾಡಿದೆವು, ಇಬ್ಬರೂ ನೆಲದ ಮೇಲೆ ಕೂತು. ಕೊನೆಗೆ ಹಿಮದ ನಾಡಿನಲ್ಲಿ ಓಡಾಡಿದವರೊಬ್ಬರ ಪ್ರವಾಸದ ಪುಸ್ತಕ ಸಿಕ್ಕಿತು. ಅವರು ಅದನ್ನು ಮನೆಗೆ ಒಯ್ದರು. ಮೂರನೆಯ ದಿನ ಓದಿನ ಅರ್ಧ ಗಂಟೆಯಲ್ಲಿ ಅವರ ಕೈಯಲ್ಲಿ ಗಣಿತದ ಪುಸ್ತಕವಿರಲಿಲ್ಲ. ಕಂಬಕ್ಕೆ ಒರಗಿ, ತುಟಿ ಸ್ವಲ್ಪ ಅಲ್ಲಾಡಿಸುತ್ತ, ಕತೆ ಓದುವ ಮಗುವಿನ ಹಾಗೆ ಓದುತ್ತಿದ್ದರು. ಒಳಗಿಂದ ಹೆಡ್ಮಾಸ್ಟರು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಮೂರು ತಿಂಗಳ ಗಡುವಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಸೊಪ್ಪು ಮುರಿಯುವ ಕಾಲ ಬಂತೆಂದರೆ ನಮ್ಮಲ್ಲಿ ಹಾಜರಿ ಇಳಿಯುತ್ತದೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟುವ ಕೆಲಸಕ್ಕೆ ಮನೆಮಂದಿಯೆಲ್ಲ ಬೇಕು. ಆ ಹುಡುಗಿಯೂ ವಾರಗಟ್ಟಲೆ ಬರಲಿಲ್ಲ. ಬರುವುದನ್ನು ನಿಲ್ಲಿಸುವ ಮೊದಲು ಒಂದು ಕಾದಂಬರಿ ಒಯ್ದಿದ್ದಳು: ಗಂಡ ಸತ್ತ ಮೇಲೆ ಅವನ ದೋಣಿಯನ್ನು ತಾನೇ ನಡೆಸಲು ಕಲಿಯುವ ಹೆಂಗಸಿನ ಕತೆ. ಅದನ್ನು ತಮ್ಮನ ಕೈಯಲ್ಲಿ ವಾಪಸು ಕಳಿಸಿದಳು. ಪುಟಗಳ ಅಂಚಿಗೆಲ್ಲ ಹೊಗೆಸೊಪ್ಪಿನ ಅಂಟು ಹತ್ತಿ ಬೆರಳಿನ ಗುರುತು ಕಪ್ಪಗೆ ಮೂಡಿತ್ತು. ಹೆಡ್ಮಾಸ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಿಟ್ಟುಸಿರುಬಿಟ್ಟರು.

ಎರಡು ದಿನ ಕಳೆದ ಮೇಲೆ ಹುಡುಗಿಯ ತಾಯಿ ಶಾಲೆಗೆ ಬಂದರು. ಕೆಲಸದ ಮಧ್ಯೆ ಎದ್ದು ಬಂದಿದ್ದರು. ಕೈಯೆಲ್ಲ ಅದೇ ಅಂಟು. ಗೇಟಿನ ಹತ್ತಿರವೇ ನಿಂತು ನನ್ನನ್ನು ಕರೆಸಿದರು. ಪುಸ್ತಕದ ಹುಚ್ಚು ಹತ್ತಿಸಿ ಮಗಳನ್ನು ಕೆಲಸಗಳ್ಳಿ ಮಾಡಿದಿರಿ ಎಂದು ಬಯ್ಯಲು ಬಂದಿದ್ದಾರೆ ಅಂದುಕೊಂಡೇ ನಾನು ಹೋದೆ.

"ಮೇಡಮ್ಮೋರೆ, ಆ ದೋಣಿಯಮ್ಮನ ಬುಕ್ಕು ಕೊಡ್ತೀರಾ ಇನ್ನೊಂದ್ ಕಿತ?"

"ಯಾಕಮ್ಮಾ, ಮಗಳು ಓದಿ ಮುಗಿಸಿಲ್ವಾ?"

"ಅವ್ಳು ಮುಗ್ಸವ್ಳೆ. ನಾವು ಮುಗ್ಸಿಲ್ಲ ಕಣ್ರವ್ವ. ಸೊಪ್ಪು ಕಟ್ಟೋವಾಗ ಓದು ಅಂದ್ವಿ, ಕೂತ್ಕಂಡು ಓದ್ತಾ ಇದ್ಲು. ಏಳೆಂಟ್ ಜನ ಎಂಗುಸ್ರು ಕೇಳ್ತಾ ಇದ್ವಿ. ಆವಮ್ಮ ಹೊಳೆ ತುಂಬಿದ್ ದಿನ ದೋಣಿ ಆಕುದ್ಲಾ ಇಲ್ವಾ ಅನ್ನೋ ಒತ್ಗೆ ವಾಪಸ್ ಕೊಡೋ ದಿನ ಬಂತು ಅಂತ ಕಳುಸ್ಬುಟ್ಲು. ಎರಡ್ ದಿನದಿಂದ ನಮ್ಗೆ ಅದೇ ಯೋಚ್ನೆ ಆಗದೆ."

ನಾನು ಪುಸ್ತಕ ತಂದು ಅವರ ಕೈಗೆ ಕೊಟ್ಟೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು, ಒರೆಸಿದರೂ ಹೋಗದ್ದನ್ನು ನೋಡಿ, ಪುಸ್ತಕವನ್ನು ಸೆರಗಿನೊಳಗೇ ಸುತ್ತಿಕೊಂಡರು. "ನಾನು ಓದುದ್ದೋಳಲ್ಲ. ಅವ್ಳು ಓದೋದ್ನ ಕೇಳುದ್ರೆ ನಾನೇ ಓದ್ದಂಗಾಯ್ತದೆ" ಎಂದು ಹೇಳಿ ಸರಸರ ನಡೆದರು. ಅವರ ಬೆನ್ನು ಕಾಣುವಷ್ಟು ಹೊತ್ತೂ ನಾನು ಗೇಟು ಹಿಡಿದು ನಿಂತಿದ್ದೆ. ಹದಿನೆಂಟು ವರ್ಷಗಳ ನೌಕರಿಯಲ್ಲಿ ನನ್ನ ಮಕ್ಕಳು ತೆಗೆದ ಯಾವ ಅಂಕವೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಎಲ್ಲವೂ ಚೆಂದವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಇಂಗ್ಲಿಷಿನ ಮೇಷ್ಟ್ರು ಕೊನೆಯವರೆಗೂ ಆ ಅರ್ಧ ಗಂಟೆಯನ್ನು ಮೊಬೈಲ್ ನೋಡಿಕೊಂಡೇ ಕಳೆದರು. ಹಿಂದಿನ ಬೆಂಚಿನ ಕೆಲವರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಿದ್ದೆ ಮಾಡುವುದರಲ್ಲಿ ಪಳಗಿದರು. ಹತ್ತಾರು ಪುಸ್ತಕಗಳು ಹೋದವು ಹೋದವೇ. ಆದರೆ ಜಗುಲಿಯ ಬೋರ್ಡು ಸಾಲದೆ ಗೋಡೆಗೇ ಚೀಟಿ ಅಂಟಿಸುವ ಕಾಲ ಬಂತು. ಯಾರೋ ಅದರ ಫೋಟೋ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಪಿರಿಯಾಪಟ್ಟಣದಿಂದ, ಕೆ.ಆರ್. ನಗರದ ಭೇರ್ಯದ ಕಡೆಯಿಂದ ಫೋನುಗಳು ಬಂದವು. ಒಂದು ಶನಿವಾರ ಬೇರೆ ಬೇರೆ ಶಾಲೆಗಳ ಇಪ್ಪತ್ತಕ್ಕೂ ಹೆಚ್ಚು ಜನ ಶಿಕ್ಷಕರು ನೋಡಲೆಂದೇ ಬಂದರು. ಪ್ರಾರ್ಥನೆ ಆಯಿತು, ಮಕ್ಕಳು ಮರದ ಕೆಳಗೆ, ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ ಕೂತು ಓದತೊಡಗಿದರು. ಬಂದವರೂ ಮಾತು ನಿಲ್ಲಿಸಿದರು.

ಆಮೇಲೆ ಸಭೆಯಲ್ಲಿ ಭೇರ್ಯದ ಕಡೆಯ ಗಣಿತದ ಶಿಕ್ಷಕರೊಬ್ಬರು ಎದ್ದು ನಿಂತರು. "ಎಲ್ಲಾ ಸರಿ ಮೇಡಂ, ಸಿಲಬಸ್ ಮುಗಿಸೋದು ಯಾವಾಗ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಗಣಿತದ ಮೇಷ್ಟ್ರು ಎದ್ದರು. "ಈ ಪ್ರಶ್ನೆ ನಾನೂ ಕೇಳಿದ್ದೆ. ಸಮೀಕರಣದ ಪಾಠಕ್ಕೆ ಪ್ರತಿ ವರ್ಷ ಮೂರು ವಾರ ತಗೋತಿದ್ದೆ. ಪರೀಕ್ಷೆ ಹೊತ್ತಿಗೆ ಮಕ್ಕಳು ಮರೀತಿದ್ರು, ಮತ್ತೆ ಒಂದು ವಾರ ಹೇಳ್ತಿದ್ದೆ. ಈ ವರ್ಷ ಒಂದು ಜ್ವರದ ಕತೆ ಬಂತು. ಎಂಟು ದಿನದಲ್ಲಿ ಪಾಠ ಮುಗೀತು, ಯಾರೂ ಮರೀಲಿಲ್ಲ. ನನಗೆ ಈಗ ಸಮಯ ಉಳೀತಾ ಇದೆ. ಕತೆ ಓದೋಕೆ ಮನೇಲೂ ಒಂದು ಪುಸ್ತಕ ಇಟ್ಕೊಂಡಿದ್ದೀನಿ." ಸಭೆ ನಕ್ಕಿತು. ಅವರು ನಗಲಿಲ್ಲ. "ಮೂವತ್ತೆಂಟು ವರ್ಷ ಪಾಠ ಮಾಡಿದ್ದೀನಿ. ಆ ಹುಡುಗಿ ಕೇಳಿದಂಥ ಪ್ರಶ್ನೆ ಮೊದಲೇ ಯಾರಾದರೂ ಕೇಳಿದ್ದಿದ್ದರೆ ಇನ್ನೂ ಚೆನ್ನಾಗಿ ಪಾಠ ಮಾಡ್ತಿದ್ದೆ" ಎಂದು ಹೇಳಿ ಕೂತರು. ನಾನು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದ ಭಾಷಣವನ್ನು ಹಾಗೆಯೇ ಮಡಿಸಿ ಬ್ಯಾಗಿಗೆ ಹಾಕಿದೆ.

ಗಣಿತದ ಮೇಷ್ಟ್ರು ಈಗ ನಿವೃತ್ತರು. ಹುಡುಗಿ ಹುಣಸೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ವಿಜ್ಞಾನ ತೆಗೆದುಕೊಂಡಿದ್ದಾಳೆ. ಹೋದ ತಿಂಗಳು ಸರಗೂರಿನ ಕಡೆಯ ಶಾಲೆಯೊಂದು, ನಾವೂ ಓದಿನ ಅರ್ಧ ಗಂಟೆ ಶುರು ಮಾಡುತ್ತೇವೆ, ಬನ್ನಿ ಎಂದು ಕರೆಯಿತು. ನಾನು ಅವರಿಬ್ಬರನ್ನೂ ಕರೆದುಕೊಂಡು ಹೋದೆ. ಕಾಡಂಚಿನ ಆದಿವಾಸಿ ಹಾಡಿಗಳ ಮಕ್ಕಳು ಹೆಚ್ಚಾಗಿರುವ ಶಾಲೆ ಅದು. ಹುಡುಗಿ ಹೆದರದೆ ಎದ್ದು ನಿಂತು ತನ್ನ ಜ್ವರದ ಪ್ರಶ್ನೆಯ ಕತೆ ಹೇಳಿದಳು. ಎಲ್ಲರೂ ನಕ್ಕಿದ್ದನ್ನೂ ಬಿಡದೆ ಹೇಳಿದಳು. ಆಮೇಲೆ ಮಕ್ಕಳು ಪುಸ್ತಕ ಆರಿಸಿಕೊಂಡು ಓದಿದರು. ಅರ್ಧ ಗಂಟೆ ಮುಗಿದಾಗ ಎಂಟನೇ ತರಗತಿಯ ಒಂದು ಚಿಕ್ಕ ಹುಡುಗಿ ಮೆಲ್ಲಗೆ ಕೈಯೆತ್ತಿದಳು.

"ಅಕ್ಕ, ಈ ಕತೇಲಿ ಜೇನು ಕೀಳೋನು ಎರಿ ಪೂರಾ ಕಿತ್ಕಂಡ ಅಂತ ಬರ್ದವ್ರೆ. ನಮ್ಮಜ್ಜ ಅಂಗ್ ಮಾಡಾಕಿಲ್ಲ. ತುಪ್ಪ ಇರೋ ಕಡೆ ಮಾತ್ರ ಕೊಯ್ತದೆ, ಮರಿ ಇರೋದನ್ನ ಬುಟ್ಬುಡ್ತದೆ. ಬುಕ್ಕಲ್ಲಿ ಯಾಕೆ ಅಂಗ್ ಬರ್ದವ್ರೆ?"

ನಮ್ಮ ಹುಡುಗಿ ನನ್ನನ್ನು ನೋಡಿದಳು, ನಾನು ಗಣಿತದ ಮೇಷ್ಟ್ರನ್ನು ನೋಡಿದೆ. ಮೂವರಿಗೂ ಗೊತ್ತಿರಲಿಲ್ಲ. ಅವಳು ಚಿಕ್ಕ ಹುಡುಗಿಯ ಹತ್ತಿರ ಹೋಗಿ ಕೂತು, "ನಂಗೊತ್ತಿಲ್ಲ ಕಣಮ್ಮ. ಮರಿ ಯಾಕೆ ಬಿಡ್ತಾರೆ, ನೀನೇ ಹೇಳ್ಕೊಡು" ಎಂದಳು. ಚಿಕ್ಕವಳು ಸೀಮೆಸುಣ್ಣ ಇಸಿದುಕೊಂಡು ಬೋರ್ಡಿನ ಮೇಲೆ ದೊಡ್ಡದೊಂದು ಜೇನುಗೂಡಿನ ಎರಿ ಬರೆದಳು. ಮೇಲಿನ ದಪ್ಪ ಅಂಚನ್ನು ತೋರಿಸಿ ಇಲ್ಲಿ ತುಪ್ಪ ಎಂದಳು, ಕೆಳಗೆ ತೋರಿಸಿ ಇಲ್ಲಿ ಮರಿ ಎಂದಳು, ಮರಿ ಬಿಟ್ಟರೆ ಜೇನು ಅದೇ ಕೊಂಬೆಯಲ್ಲಿ ಉಳಿಯುತ್ತದೆ ಎಂದಳು. ಆ ಶಾಲೆಯ ವಿಜ್ಞಾನದ ಮೇಷ್ಟ್ರು ಎದ್ದು ಹತ್ತಿರ ಬಂದು, ಜೇಬಿನಿಂದ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಮುಂದಿನ ವಾರ ಅಜ್ಜನನ್ನೇ ಶಾಲೆಗೆ ಕರೆಸೋಣವೇ ಎಂದು ಅವಳನ್ನು ಕೇಳಿದರು. "ಬತ್ತದೆ ಸಾರ್, ನಾನ್ ಯೋಳುದ್ರೆ ಬತ್ತದೆ" ಎಂದು ಅವಳು ತಲೆಯೆತ್ತಿ ಹೇಳಿದಳು.

ಅಜ್ಜ ಬಂದರಂತೆ. ಎರಡು ಪಿರಿಯಡ್ ಮಾತಾಡಿದರಂತೆ. ಆ ಶಾಲೆಯ ಹೆಡ್ಮಿಸ್ಟ್ರೆಸ್ ಫೋನ್ ಮಾಡಿ ಇದನ್ನೆಲ್ಲ ಹೇಳುವಾಗ ನಾನು ಒಂಬತ್ತನೇ ತರಗತಿಯ ಬಾಗಿಲಲ್ಲಿದ್ದೆ. ಒಳಗೆ ಹೋದವಳು ತಡೆಯಲಾರದೆ ಮೊದಲು ಆ ಸುದ್ದಿಯನ್ನೇ ಮಕ್ಕಳಿಗೆ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿದ್ದ ಹೆಮ್ಮೆಯನ್ನು ಮುಚ್ಚಿಡಲು ನಾನು ಹೋಗಲಿಲ್ಲ.